ಮೇಷ್ಟ್ರಿಗೆ ಎಲ್ಲಿ ಅನುಕೂಲ?

ಕತಾರಿನಲ್ಲಿದ್ದ ವರ್ಷಗಳಲ್ಲಿ ನಾನು ವಾರಗಟ್ಟಲೆ ಬಾಯಿಬಿಟ್ಟು ಕನ್ನಡ ಮಾತಾಡದೆ ಇದ್ದದ್ದುಂಟು. ದೋಹಾದ ಹೊರಗೆ, ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿ ನಮ್ಮ ಕೋಣೆಗೆ ಆರು ಜನ. ಇಬ್ಬರು ನೇಪಾಳದವರು, ಮೂವರು ಬಿಹಾರದವರು, ಆರನೆಯವ ನಾನು. ಒಳ್ಳೆಯವರೇ. ಹಿಂದಿಯಲ್ಲಿ ಊಟ, ಹಿಂದಿಯಲ್ಲಿ ಜಗಳ, ಹಿಂದಿಯಲ್ಲೇ ರಾಜಿ. ಮನೆಗೆ ಫೋನ್ ಮಾಡಿದರೆ ತುಳು. ಕನ್ನಡ ಮಾತ್ರ ಯಾರ ಉಪಯೋಗಕ್ಕೂ ಬಾರದೆ ನನ್ನೊಳಗೇ ಉಳಿದುಬಿಟ್ಟಿತ್ತು.

ನಾನು ಕಟ್ಟಡದ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಸೈಟ್ ಆಫೀಸಿನ ಕಂಪ್ಯೂಟರಿಗೆ ಇಂಟರ್ನೆಟ್ ಇತ್ತು. ಸಂಜೆ ಇಂಜಿನಿಯರು ಹೊರಟ ಮೇಲೆ, ಕ್ಯಾಂಪಿನ ಬಸ್ಸು ಬರುವ ತನಕ, ಅರ್ಧ ತಾಸು ಅದು ನನ್ನದು. ಹಾಗೆ ಒಂದು ದಿನ ಕತಾರಿನಲ್ಲಿರುವ ಕನ್ನಡಿಗರ ಮೇಲ್ ಗುಂಪೊಂದು ಕಣ್ಣಿಗೆ ಬಿತ್ತು. ಹದಿನಾಲ್ಕು ಜನ, ಹೆಚ್ಚಿನವರು ಮಂಗಳೂರು, ಉಡುಪಿ ಕಡೆಯವರು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಮಕ್ಕಳು ಕೇಳಿದ ಶಬ್ದಕ್ಕೆ ಅರ್ಥ, ಮರೆತುಹೋದ ಗಾದೆಯ ಉಳಿದರ್ಧ, ಇಂಥವೇ ಅಲ್ಲಿನ ಮಾತು.

ಊರಿನಲ್ಲಿ ನಾನು ಎರಡು ವರ್ಷ ಗ್ರಂಥಾಲಯವೊಂದರಲ್ಲಿ ಪುಸ್ತಕ ಜೋಡಿಸುವ ಕೆಲಸ ಮಾಡಿದ್ದೆ. ಜೋಡಿಸಿದ್ದಕ್ಕಿಂತ ಓದಿದ್ದೇ ಹೆಚ್ಚು. ಒಮ್ಮೆ ಯಾರೋ, ಬಿಸಿಲು, ಸೆಕೆ, ಝಳ, ಧಗೆ ಎಲ್ಲ ಒಂದೇ ಅಲ್ಲವೇ ಎಂದು ಕೇಳಿದರು. ನಾಲ್ಕನ್ನೂ ಅದೇ ದಿನ ಅನುಭವಿಸಿ ಕೂತಿದ್ದವ ನಾನು. ಬಿಸಿಲು ಮೈಮೇಲೆ ಬೀಳುತ್ತದೆ, ಝಳ ಮುಖಕ್ಕೆ ಬಡಿಯುತ್ತದೆ, ಸೆಕೆ ನೆರಳಲ್ಲಿ ಕೂತರೂ ಬಿಡುವುದಿಲ್ಲ, ಧಗೆ ಸೂರ್ಯ ಮುಳುಗಿದ ಮೇಲೂ ಗೋಡೆಯಿಂದ ಬರುತ್ತದೆ ಎಂದು ಬರೆದೆ. ಮರುದಿನ ಒಂಬತ್ತು ಉತ್ತರಗಳು ಬಂದಿದ್ದವು. ಅಂದಿನಿಂದ ನಾನು ಅವರಿಗೆಲ್ಲ ‘ಮೇಷ್ಟ್ರು’. ಯಾವ ಶಾಲೆಯಲ್ಲಿ ಕಲಿಸುತ್ತೀರಿ ಎಂದು ಒಬ್ಬರು ಕೇಳಿದ್ದರು. ಆ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಅದು ಸುಳ್ಳಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ಚಳಿಗಾಲ ಬಂದಾಗ ಎಲ್ಲರೂ ಒಮ್ಮೆ ಭೇಟಿಯಾಗಬೇಕೆಂಬ ಮಾತು ಎದ್ದಿತು. ಎಲ್ಲಿ ಎನ್ನುವುದರಲ್ಲೇ ಮೂರು ವಾರ ಹೋಯಿತು. ಅಲ್ ಅಜೀಜಿಯಾದಲ್ಲಿ ಒಬ್ಬ ಹಿರಿಯರಿದ್ದರು. ತಮ್ಮ ವಿಲ್ಲಾಕ್ಕೇ ಬನ್ನಿ ಎಂದರು. ದೂರವಾಯಿತು ಎಂದು ಉಳಿದವರು ರಾಗ ಎಳೆದರು. ಪೇಟೆ ನಡುವಿನ ಮುಶೈರಿಬಿನ ಹೋಟೆಲೊಂದರ ಹೆಸರು ಬಂತು. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಶುಕ್ರವಾರ ಬೀದಿ ತುಂಬ ಲೇಬರ್ ಜನ, ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ ಎಂದು ಇನ್ನೊಬ್ಬರು ಬರೆದರು. ಆ ಸಾಲನ್ನು ನಾನು ಎರಡು ಸಲ ಓದಿದೆ. ಶುಕ್ರವಾರ ಮುಶೈರಿಬಿನ ಬೀದಿ ತುಂಬುವವರಲ್ಲಿ ನಾನೂ ಒಬ್ಬ. ಕ್ಯಾಂಪಿನಿಂದ ನೇರ ಬಸ್ಸಿದ್ದದ್ದು ಅಲ್ಲಿಗೆ ಮಾತ್ರ.

ಕೊನೆಗೆ ಅಲ್ ಸದ್ದ್‌ನ ಮಹಿಳೆಯೊಬ್ಬರು ಹೊಣೆ ವಹಿಸಿಕೊಂಡರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. “ಮೇಷ್ಟ್ರೇ, ನಿಮಗೆ ಎಲ್ಲಿ ಅನುಕೂಲ? ನೀವು ಬಾರದಿದ್ದರೆ ನಾವು ಸೇರಿ ಪ್ರಯೋಜನವೇ ಇಲ್ಲ” ಎಂದು ಬರೆದರು. ಮುಶೈರಿಬ್ ಎಂಬ ಒಂದು ಶಬ್ದ ಟೈಪ್ ಮಾಡಿದ್ದರೆ ಸಾಕಿತ್ತು. ನಾನು, “ಎಲ್ಲಾದರೂ ಆದೀತು” ಎಂದು ಬರೆದೆ.

ಅಲ್ ಸದ್ದ್‌ಗೆ ಹತ್ತಿರದ ಪಾರ್ಕೊಂದು ನಿಗದಿಯಾಯಿತು. ಶುಕ್ರವಾರ ಸಂಜೆ ನಾಲ್ಕಕ್ಕೆ. ಅಕ್ಕ ಎಲ್ಲರ ಫೋನ್ ನಂಬರ್ ಕೇಳಿ ಬರೆದಿಟ್ಟುಕೊಂಡರು. ಅಂಗಿಗೆ ಇಸ್ತ್ರಿ ಹಾಕಿ, ಎರಡು ಬಸ್ಸು ಬದಲಿಸಿ, ಅರ್ಧ ಮೈಲು ನಡೆದು ಗೇಟಿಗೆ ಮುಟ್ಟಿದೆ. ಕಾವಲಿನವ ಕೈ ಅಡ್ಡ ಹಿಡಿದ.

“ಭಾಯಿ, ಫ್ಯಾಮಿಲಿ ಕಹಾಂ ಹೈ?”

ಒಳಗೆ ಇದ್ದಾರೆ, ಸ್ನೇಹಿತರು ಎಂದೆ. ಅವನು ನನ್ನ ಚಪ್ಪಲಿಯಿಂದ ತಲೆಯ ತನಕ ನೋಡಿದ. “ಆಜ್ ಫ್ಯಾಮಿಲಿ ಡೇ. ಬ್ಯಾಚಲರ್ ಮಾಫಿ.” ಮಾಫಿ ಎಂದರೆ ಅಲ್ಲಿನ ಅರಬ್ಬಿಯಲ್ಲಿ ‘ಇಲ್ಲ’; ಒಂಟಿ ಗಂಡಸರಿಗೆ ಪ್ರವೇಶವಿಲ್ಲ ಎಂದರ್ಥ. ದನಿಯಲ್ಲಿ ದರ್ಪವೇನೂ ಇರಲಿಲ್ಲ. ಅವನೂ ನಮ್ಮ ಹಾಗೆ ಯಾವುದೋ ಕ್ಯಾಂಪಿನವನೇ. ಊರಿನಲ್ಲಿ ನನಗೆ ಹೆಂಡತಿ ಇದ್ದಳು, ಎರಡು ಮಕ್ಕಳಿದ್ದರು. ಆದರೆ ಅಲ್ಲಿನ ಲೆಕ್ಕದಲ್ಲಿ ಜೊತೆಗಿಲ್ಲದ ಹೆಂಡತಿ ಹೆಂಡತಿಯಲ್ಲ.

ನಾನು ಬೇಲಿಯ ಗುಂಟ ಸ್ವಲ್ಪ ದೂರ ನಡೆದೆ. ಕಬ್ಬಿಣದ ಸರಳುಗಳ ಆಚೆ, ಹುಲ್ಲಿನ ಮೇಲೆ ಚಾಪೆ ಹಾಸಿ ಅವರು ಕೂತಿದ್ದರು. ಕನ್ನಡ ಕಿವಿಗೆ ಬೀಳುತ್ತಿತ್ತು. ಮುಖ ಕಂಡಿರದಿದ್ದರೂ ಮಾತಿನಿಂದ ಒಬ್ಬೊಬ್ಬರನ್ನೂ ಗುರುತು ಹಿಡಿದೆ. ಬೋಳುತಲೆಯವರು ಅಲ್ ಅಜೀಜಿಯಾದ ಹಿರಿಯರು. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಯುತ್ತಾ ಎಲ್ಲರನ್ನೂ ಗದರಿಸುತ್ತಿದ್ದವರು ಅಕ್ಕ.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೇಲಿಯಾಚೆ ಅಕ್ಕ ಮೊಬೈಲನ್ನು ಕಿವಿಗಿಟ್ಟುಕೊಂಡು ಎದ್ದು ನಿಂತಿದ್ದರು. ನಾನು ಗಿಡವೊಂದರ ಮರೆಗೆ ಸರಿದು ಫೋನು ಎತ್ತಿದೆ.

“ಎಂತ ಮೇಷ್ಟ್ರೇ, ಎಲ್ಲಿದ್ದೀರಿ? ಇಲ್ಲಿ ಎಲ್ಲ ಕಾಯ್ತಾ ಇದ್ದೇವೆ ಮಾರಾಯ್ರೇ!”

“ಅರ್ಜೆಂಟ್ ಡ್ಯೂಟಿ ಬಂತು ಅಕ್ಕ. ಬರ್ಲಿಕ್ಕೆ ಆಗುದಿಲ್ಲ.”

“ಶುಕ್ರವಾರವೂ ಡ್ಯೂಟಿಯಾ? ಯಾವ ಶಾಲೆ ಅದು?”

ನಮ್ಮ ನಡುವೆ ಹೆಚ್ಚೆಂದರೆ ನಲವತ್ತು ಹೆಜ್ಜೆ. ‘ಗೇಟಿನ ಹತ್ತಿರ ಇದ್ದೇನೆ’ ಎಂದಿದ್ದರೆ ಆಕೆ ಓಡಿ ಬರುತ್ತಿದ್ದರು, ನಮ್ಮವರೇ ಎಂದು ಹೇಳಿ ಒಳಗೆ ಕರೆದುಕೊಳ್ಳುತ್ತಿದ್ದರೋ ಏನೋ. ಆದರೆ ಅದಕ್ಕೆ ಮೊದಲು, ಕಾವಲಿನವನ ಪಕ್ಕದಲ್ಲಿ ಅನುಮತಿಗೆ ಕಾದು ನಿಂತ ನನ್ನನ್ನು ಅವರೆಲ್ಲ ನೋಡುತ್ತಿದ್ದರು. “ಆಮೇಲೆ ಬರೀತೇನೆ” ಎಂದು ಫೋನಿಟ್ಟೆ. ಆಕೆ ತಿರುಗಿ, “ಮೇಷ್ಟ್ರು ಬರುದಿಲ್ಲವಂತೆ” ಎಂದದ್ದು ಫೋನಿಲ್ಲದೆಯೇ ಕೇಳಿಸಿತು.

ಒಂದು ವಾರ ನಾನು ಗುಂಪಿನ ಮೇಲ್ ತೆರೆಯಲಿಲ್ಲ. ಆಮೇಲೆ ಒಂದು ಸಂಜೆ ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಾನು ಮೇಷ್ಟ್ರಲ್ಲ, ಸ್ಟೋರ್ ಕೀಪರ್, ಕ್ಯಾಂಪಿನಲ್ಲಿದ್ದೇನೆ, ಅಂದು ಗೇಟಿನ ತನಕ ಬಂದಿದ್ದೆ. ಎರಡು ದಿನ ಯಾರೂ ಉತ್ತರಿಸಲಿಲ್ಲ. ಮೂರನೆಯ ದಿನ ಅಕ್ಕನ ಒಂದೇ ಸಾಲು: “ಬರುವ ಶುಕ್ರವಾರ ಮುಶೈರಿಬ್, ಹೋಟೆಲಿನ ಮಾಳಿಗೆಯಲ್ಲಿ. ಯಾರಿಗೆ ಆಗ್ತದೋ ಅವರು ಬನ್ನಿ.”

ನಾಲ್ವರು ಬಂದರು, ನನ್ನನ್ನು ಸೇರಿಸಿ. ಹಿರಿಯರು ನನ್ನ ತಟ್ಟೆಗೆ ತಾವೇ ಬಡಿಸಿದರು. ಕ್ಯಾಂಪಿನಲ್ಲಿ ಊಟ ಹೇಗೆ, ಏಸಿ ಇದೆಯಾ, ಹಳೆಯ ಸ್ವೆಟರ್ ಇದೆ ಬೇಕಾ ಎಂದು ಕೇಳಿದರು. ಕರುಣೆಯಿಂದಲೇ ಕೇಳಿದ್ದು. ಆದರೆ ಎರಡು ತಾಸಿನಲ್ಲಿ ಯಾರೊಬ್ಬರೂ ಒಂದು ಶಬ್ದದ ಅರ್ಥ ಕೇಳಲಿಲ್ಲ. ನಾನು ಹೇಗೋ ಒಂದು ಗಾದೆಯ ವಿಷಯ ತೆಗೆದೆ. ಎಲ್ಲರೂ ತಲೆಯಾಡಿಸಿ, ಇನ್ನೊಂದು ಚಪಾತಿ ಹಾಕಿಕೊಳ್ಳಿ ಎಂದರು. ಮೇಷ್ಟ್ರೇ ಎಂದು ಕರೆಯುವುದಕ್ಕೂ ಹಿಂಜರಿದರು. ಹೆಸರು ಹಿಡಿದು ಕರೆಯುವುದಕ್ಕೂ ಆಗದೆ ‘ಇವರು, ಇವರು’ ಎನ್ನುತ್ತಿದ್ದರು.

ಉಳಿದಿಬ್ಬರು ಕೈ ತೊಳೆಯಲು ಎದ್ದಾಗ ಅಕ್ಕ ಮೆಲ್ಲಗೆ ಕೇಳಿದರು. “ಆ ದಿನ ಫೋನ್ ಮಾಡುವಾಗ ನಾನು ನಿಮಗೆ ಕಾಣ್ತಾ ಇದ್ದೆನಾ?”

“ಕಾಣ್ತಾ ಇದ್ರಿ.”

ಆಕೆ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಆ ಜಾಗ ನಾನೇ ಹೇಳಿದ್ದು. ನಡೆದು ಹೋದರೆ ಐದು ನಿಮಿಷ, ನನಗೆ ಅನುಕೂಲ ಅಂತ” ಎಂದರು. ಕಣ್ಣು ಒರೆಸಿಕೊಂಡರು. ತಪ್ಪು ನನ್ನದೂ ಇದೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಉಳಿದವರು ಬಂದುಬಿಟ್ಟರು.

ಮೂರನೆಯ ಭೇಟಿಗೆ ಜಾಗ ಹುಡುಕುವ ಮಾತು ಏಳಲೇ ಇಲ್ಲ. ಗುಂಪಿನಲ್ಲಿ ಮೇಲ್‌ಗಳು ಕಡಿಮೆಯಾದವು. ಅಷ್ಟರಲ್ಲಿ ಕಂಪನಿ ನನ್ನನ್ನು ಮರುಭೂಮಿಯ ನಡುವಿನ ಇನ್ನೊಂದು ಸೈಟಿಗೆ ಹಾಕಿತು. ಅಲ್ಲಿ ಇಂಟರ್ನೆಟ್ ಇರಲಿಲ್ಲ. ಹೊರಡುವ ಮುಂಚೆ ಅಕ್ಕನಿಗೆ ಒಂದು ಮೇಲ್ ಬರೆಯಲು ಕೂತೆ. ಏನು ಬರೆದರೂ ದೂರಿನ ಹಾಗೆ ಕಾಣುತ್ತಿತ್ತು. ಬಸ್ಸಿನವ ಹಾರ್ನ್ ಹಾಕಿದ. ನಾನು ಏನೂ ಕಳಿಸದೆ ಕಂಪ್ಯೂಟರ್ ಆರಿಸಿ ಎದ್ದೆ.