ಕುಸ್ವಾರ್ ಡಬ್ಬಿಯಲ್ಲಿ ಹಿಂದಿರುಗಿದ ಸ್ಕೋಪ್

ಕೇಕಿನ ಹಿಟ್ಟು ತೂಗುವ ಯಂತ್ರದ ಮೇಲೆ ನಾನು ಮೊದಲ ಸಲ ಬಂದೂಕಿನ ಸ್ಕೋಪ್ ಇಟ್ಟದ್ದು ತಪಸ್ಸುಕಾಲದಲ್ಲಿ, ಈಸ್ಟರಿಗೆ ಇನ್ನೂ ಮೂರು ವಾರ ಇರುವಾಗ. ಸ್ಕೋಪ್ ಎಂದರೆ ಬಂದೂಕಿನ ಬೆನ್ನ ಮೇಲೆ ಕೂರಿಸುವ ದುರ್ಬೀನು. ಅಕ್ಕನ ಗಂಡ ನನ್ನ ಯಜಮಾನರಿಗೆ ಉಡುಗೊರೆ ಕೊಟ್ಟದ್ದು ಅದು, ಅವರು ಬಿಚ್ಚಿ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದರು. ಎಂಟುನೂರು ಗ್ರಾಂ ತೋರಿಸಿತು, ಒಂದು ಸಣ್ಣ ತೆಂಗಿನಕಾಯಿಯ ಭಾರ. ತಪಸ್ಸುಕಾಲದ ವ್ರತವೆಂದು ಆ ವರ್ಷ ನಾನು ಚಹಾ ಬಿಟ್ಟಿದ್ದೆ. ಬಿಡಬೇಕಾದದ್ದು ಸಿಟ್ಟು ಎಂದು ಗೊತ್ತಿತ್ತು. ಚಹಾ ಬಿಡುವುದು ಸುಲಭ.

ನಮ್ಮ ಮನೆ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ, ಅಕ್ಕನದು ಮೆಲ್ಬರ್ನ್‌ನಲ್ಲಿ. ಭಾವ ಬೆಂಗಳೂರಿನಲ್ಲಿ ಬೆಳೆದವರು, ಕೊಂಕಣಿ ಬಾರದು. ಹಾಗಾಗಿ ಎರಡು ಮನೆ ಸೇರಿದರೆ ಮಾತು ಕನ್ನಡದಲ್ಲೇ. ವರ್ಷಕ್ಕೊಮ್ಮೆ ಜೂನ್ ತಿಂಗಳ ಚಳಿಯಲ್ಲಿ ಯಜಮಾನರು, ಭಾವ ಸೇರಿ ನಮ್ಮ ಬಳಗದ ಐದು ಗಂಡಸರು ವಿಕ್ಟೋರಿಯಾದ ಬೆಟ್ಟಗಳಿಗೆ ಸಾಂಬಾರ್ ಜಿಂಕೆಯ, ಅಂದರೆ ಕಡವೆಯ, ಬೇಟೆಗೆ ಹೋಗುತ್ತಾರೆ. ಯಜಮಾನರಿಗೆ ಅದೊಂದೇ ಸ್ವಂತದ ಸಂತೋಷ. ಉಳಿದ ದಿನವೆಲ್ಲ ಚಾಟ್ಸ್‌ವುಡ್‌ನ ಆಫೀಸು, ಮೆಟ್ರೋ, ಮನೆ.

ಹಿಂದಿನ ಜೂನ್‌ನಲ್ಲಿ ಆ ಉಡುಗೊರೆಯ ಸ್ಕೋಪ್ ಹಾಕಿ ಅವರು ಹಾರಿಸಿದ ಗುಂಡು ಗುರಿ ತಪ್ಪಿ ಜಿಂಕೆಯ ಹೊಟ್ಟೆಗೆ ಬಿತ್ತು. ಅದು ಓಡಿತು. ಎರಡು ದಿನ ಹುಡುಕಿದರು. ಜರೀಗಿಡದ ಎಲೆಗಳ ಮೇಲೆ ರಕ್ತ ಕಂಡಿತ್ತಂತೆ, ಆಮೇಲೆ ಮಳೆ ಬಂದು ಅದೂ ತೊಳೆದುಹೋಯಿತು. ಮನೆಗೆ ಬಂದವರು ಬಂದೂಕನ್ನು ಒರೆಸಲೂ ಇಲ್ಲ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮಾಂಸ ತಿನ್ನುವ ಮನೆ ನಮ್ಮದು, ಸಾವಿಗೆ ಹೆದರುವವರಲ್ಲ. ಆದರೆ ಒಂದು ಜೀವವನ್ನು ಅರ್ಧ ಕೊಂದು ಬಿಡುವುದು ಪಾಪ ಎಂದು ಅವರೂ ನಾನೂ ನಂಬಿದವರು.

ಕ್ರಿಸ್ಮಸ್‌ಗೆ ಅಕ್ಕ, ಭಾವ ನಮ್ಮಲ್ಲಿಗೆ ಬಂದರು, ಸ್ಟೀಲ್ ಡಬ್ಬಿ ತುಂಬ ಕುಸ್ವಾರ್ ತಂದರು. ನೆವ್ರಿ, ಚಕ್ಕುಲಿ, ಕಿಡಿಯೊ, ಹಬ್ಬದ ತಿಂಡಿಯೆಲ್ಲ ಅದರಲ್ಲಿತ್ತು. ಊಟದ ಮೇಜಿನಲ್ಲಿ ಭಾವ ಎದ್ದು ನಿಂತು, ಒಂದು ಕಣ್ಣು ಮುಚ್ಚಿ, ಪೊರಕೆಯನ್ನು ಬಂದೂಕಿನ ಹಾಗೆ ಹಿಡಿದು ಕೈ ನಡುಗಿಸಿ ತೋರಿಸಿದರು.

"ನಮ್ ಷಡ್ಡಕ ಗುರು! ಜಿಂಕೆ ಅಲ್ಲಿದ್ರೆ ಇವ್ರ ಗುಂಡು ಸಿಡ್ನಿ ಕಡೆ. ನಾನು ಅಂಥಾ ಸ್ಕೋಪ್ ಕೊಟ್ಟಿದ್ದೀನಿ, ಕಣ್ಣು ಎಲ್ಲಿಂದ ತರ್ಲಿ?"

ನನ್ನ ಮಕ್ಕಳೂ ನಕ್ಕರು. ಯಜಮಾನರೂ ನಕ್ಕರು, ಅದೇ ನನಗೆ ಹೆಚ್ಚು ಚುಚ್ಚಿತು. ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತ ಹೇಳಿದರು: "ಜುಲೈಗೆ ಲೈಸೆನ್ಸ್ ಮುಗೀತದೆ ಮಾರಾಯ್ತಿ. ಇನ್ನು ರಿನ್ಯೂ ಮಾಡುವುದು ಬೇಡ. ಬಂದೂಕು ಕೊಟ್ಟುಬಿಡುವ."

ಮಾರ್ಚ್‌ನಲ್ಲಿ ಅಕ್ಕ ಫೋನಿನಲ್ಲಿ ಏನೋ ಮಾತಿಗೆ ಮಾತು ಬಂದು ಅಂದಳು: "ಆ ಸ್ಕೋಪಾ? ಅದು ಕಾರಿನ ಡಿಕ್ಕಿಯಿಂದ ಕಾಂಕ್ರೀಟಿಗೆ ಬಿದ್ದಿತ್ತಲ್ಲ. ಆಮೇಲೆ ಗುರಿಯೇ ನಿಲ್ಲುವುದಿಲ್ಲ, ಬಿಸಾಡ್ತೇನೆ ಅಂತಿದ್ರು. ನಿಮಗೆ ಕೊಟ್ರಲ್ಲ, ರಿಪೇರಿ ಮಾಡಿಸಿರ್ಬೇಕು ಅಂದ್ಕೊಂಡೆ."

ನಾನು ಫೋನ್ ಇಟ್ಟೆ. ಬಿದ್ದು ಕೆಟ್ಟ ವಸ್ತುವನ್ನು ಉಡುಗೊರೆ ಎಂದು ಕೊಟ್ಟು, ಅದರಿಂದ ಆದ ಪಾಪಕ್ಕೆ ನನ್ನ ಗಂಡನನ್ನು ನನ್ನದೇ ಮೇಜಿನಲ್ಲಿ ಹಾಸ್ಯ ಮಾಡಿದ ಮನುಷ್ಯ! ಆವತ್ತಿನಿಂದ ಜಪಸರ ಹಿಡಿದು ಕೂತಾಗ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ನಾನು ತುಟಿ ಮುಚ್ಚಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ದೇವರಿಗೆ ಸುಳ್ಳು ಹೇಳಬಾರದಲ್ಲ.

ಯಜಮಾನರಿಗೆ ವಿಷಯ ತಿಳಿಸಲಿಲ್ಲ. ತಿಳಿಸಿದರೆ ಅವರು, "ಹೋಗಲಿ ಬಿಡು" ಎನ್ನುವವರು. ಹೋಗಲಿ ಬಿಡುವುದು ನನಗೆ ಬೇಡವಾಗಿತ್ತು. ಮೊದಲು ಅವರಿಗೊಂದು ಒಳ್ಳೆಯ ಸ್ಕೋಪ್ ಬೇಕು, ಆಮೇಲೆ ಭಾವನ ಲೆಕ್ಕ.

ಬಂದೂಕು ಮುಟ್ಟಲು ನನಗೆ ಲೈಸೆನ್ಸ್ ಇಲ್ಲ. ಅದು ಗ್ಯಾರೇಜಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ಕೀಲಿ ಅವರ ಹತ್ತಿರ. ಆದರೆ ಸ್ಕೋಪ್ ಕೊಳ್ಳಲು ಅಡ್ಡಿಯಿಲ್ಲ. ಪ್ಯಾರಮಟ್ಟಾದಿಂದ ಆಚೆ ಒಂದು ಬೇಟೆ ಸಾಮಾನಿನ ಅಂಗಡಿಗೆ ನಾನೊಬ್ಬಳೇ ಹೋದೆ, ಕೈಚೀಲದಲ್ಲಿ ತೂಕದ ಯಂತ್ರ ಇಟ್ಟುಕೊಂಡು. ಅಂಗಡಿಯ ಮುದುಕ ಮೊದಲು ಮೊಳದುದ್ದದ್ದೊಂದನ್ನು ತೆಗೆದಿಟ್ಟ. ಒಂದು ಕಿಲೋಮೀಟರ್ ಆಚೆಯದೂ ಕಾಣುತ್ತದೆ ಎಂದ. ನಾನು ಅದನ್ನು ಯಂತ್ರದ ಮೇಲಿಟ್ಟೆ.

"ನನ್ನ ಗಂಡನಿಗೆ ಬಲಗಡೆ ಭುಜ ನೋವು. ದಿನವಿಡೀ ಬೆಟ್ಟ ಹತ್ತುವುದು. ಕಾಡು ದಟ್ಟ, ನೂರೈವತ್ತು ಮೀಟರಿನ ಆಚೆ ಹೊಡೆಯುವವರೇ ಅಲ್ಲ," ಎಂದೆ.

ಮುದುಕ ಅದನ್ನು ಒಳಗಿಟ್ಟು ಕುರ್ಚಿ ಎಳೆದುಕೊಂಡು ಕೂತ. ಆಮೇಲೆ ಪಾಠ ಮಾಡಿದ. ಅಷ್ಟು ಹತ್ತಿರಕ್ಕೆ ಮೂರರಿಂದ ಒಂಬತ್ತು ಪಟ್ಟು ತೋರಿಸುವುದು ಧಾರಾಳ. ಮುಂದಿನ ಗಾಜು ದೊಡ್ಡದಾದಷ್ಟೂ ಭಾರ. ಗುರಿ ತಿದ್ದುವ ತಿರುಪಿಗೆ ಮುಚ್ಚಳ ಇರಬೇಕು, ಇಲ್ಲದಿದ್ದರೆ ಪೊದೆ ತಾಗಿ ತಿರುಗಿಬಿಡುತ್ತದೆ. ಕಣ್ಣಿಗೂ ಸ್ಕೋಪಿಗೂ ನಡುವೆ ನಾಲ್ಕು ಬೆರಳು ಜಾಗ ಸಿಗಬೇಕು, ಇಲ್ಲದಿದ್ದರೆ ಗುಂಡು ಹಾರಿದಾಗ ಹುಬ್ಬು ಒಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ತಿರುಪನ್ನು ಹತ್ತು ಸಲ ಮೇಲೆ ತಿರುಗಿಸಿ ಹತ್ತು ಸಲ ಕೆಳಗೆ ತಂದರೆ ಗುಂಡು ಮೊದಲಿನ ಜಾಗಕ್ಕೇ ಬರಬೇಕು. ಬಿದ್ದು ಒಳಗೆ ಸಡಿಲಾದದ್ದು ಹಾಗೆ ಬರುವುದಿಲ್ಲ. ಹೊರಗೆ ಗೀರು ಸಹ ಇರುವುದಿಲ್ಲ, ಒಳಗೆ ಸುಳ್ಳು ಹೇಳುತ್ತಿರುತ್ತದೆ.

ಆ ಕೊನೆಯ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ.

ಕೊನೆಗೆ ಆರಿಸಿದ್ದು ಮುನ್ನೂರೈವತ್ತು ಗ್ರಾಮಿನದ್ದು, ಸಾದಾ ಕಪ್ಪು, ಹೊಳಪಿಲ್ಲದ್ದು. ಇನ್ನೂರೈವತ್ತರದ್ದೂ ಒಂದಿತ್ತು. ಅದರ ತಿರುಪು ಹಳೇ ಕುಕ್ಕರಿನ ಹಿಡಿಯ ಹಾಗೆ ಅಲ್ಲಾಡುತ್ತಿತ್ತು, ಬೇಡ ಎಂದೆ. ಮನೆಗೆ ತಂದು ಬೆಳಿಗ್ಗೆ ಫ್ರೀಜರಿನಲ್ಲಿಟ್ಟೆ, ಮಧ್ಯಾಹ್ನ ತೆಗೆದು ನಮ್ಮ ಇಡ್ಲಿಯಂಥ 'ಸಣ್ಣ' ಬೇಯಿಸುವ ಪಾತ್ರೆ, ತೊಂದೂರಿನ ಹಬೆಗೆ ಹಿಡಿದೆ. ಹೊರಗಾಜು ಮಂಜಾಯಿತು, ಬಟ್ಟೆಯಲ್ಲಿ ಒರೆಸಿದರೆ ಒಳಗೆ ತಿಳಿಯಾಗಿಯೇ ಇತ್ತು. ಒಳಗೆ ಒಂದು ಹನಿ ಕಂಡಿದ್ದರೆ ವಾಪಸ್ ಒಯ್ಯುವವಳಿದ್ದೆ.

ಯಜಮಾನರಿಗೆ ಕೊಟ್ಟಾಗ ಮೂಸಿ ನೋಡಿದರು. "ಇದೆಂತದು, ಬಂಗುಡೆ ವಾಸನೆ?"

"ಫ್ರೀಜರಿನಲ್ಲಿ ಜಾಗ ಇದ್ದದ್ದು ಮೀನಿನ ಪಕ್ಕದಲ್ಲೇ."

"ಜಿಂಕೆ ಓಡ್ತದೆ, ಬೆಕ್ಕು ಬರ್ತದೆ ಮಾರಾಯ್ತಿ."

ಆ ಬೇಟೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ತಮಾಷೆ. ಅದನ್ನು ದೇವರ ಒಂದು ಕೃಪೆ ಎಂದು ಎಣಿಸಿಕೊಂಡೆ. ಆದರೆ ಜೂನ್ ಬಂದರೂ ಬೆಟ್ಟಕ್ಕೆ ಹೋಗುತ್ತೇನೆ ಎಂದು ಮಾತ್ರ ಹೇಳಲಿಲ್ಲ. "ಮೆಲ್ಬರ್ನ್‌ಗೆ ಹೋಗುವ, ಅಕ್ಕನನ್ನು ನೋಡಿದ ಹಾಗಾಯ್ತು," ಎಂದರು, ಅಷ್ಟೇ. ಬಂದೂಕು ಕಾರಿನಲ್ಲಿತ್ತು. ನಾನೇ ಹಟ ಮಾಡಿ ಅವರ ಕೈಯಲ್ಲಿ ಅದನ್ನು ಅಂಗಡಿಗೆ ಒಯ್ಯಿಸಿ, ಹೊಸ ಸ್ಕೋಪ್ ಹಾಕಿಸಿ, ಗುರಿ ಸರಿಮಾಡಿಸಿದ್ದೆ.

ತಿಂಡಿ ಬಂದ ಡಬ್ಬಿಯನ್ನು ನಮ್ಮವರು ಬರಿದಾಗಿ ಹಿಂದಿರುಗಿಸುವುದಿಲ್ಲ. ಕಡೇಪಕ್ಷ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಅಕ್ಕನ ಸ್ಟೀಲ್ ಡಬ್ಬಿ ಕ್ರಿಸ್ಮಸ್‌ನಿಂದ ನನ್ನಲ್ಲೇ ಇತ್ತು. ತಳಕ್ಕೆ ಎಣ್ಣೆಯಲ್ಲಿ ಕರಿದ ತುಕ್ಕುಡಿ ಹರಡಿ, ಮೇಲೆ ಬಟರ್ ಪೇಪರ್ ಹಾಸಿ, ಆ ಎಂಟುನೂರು ಗ್ರಾಮಿನ ಹಳೆಯ ಸ್ಕೋಪ್ ಮಲಗಿಸಿ ಮುಚ್ಚಳ ಹಾಕಿದೆ.

ಬೇಟೆಯ ಐವರೂ ಅಕ್ಕನ ಮನೆಯಲ್ಲಿ ಊಟಕ್ಕೆ ಸೇರಿದ್ದರು. ಗುಂಪಿಗೆ ಹಿರಿಯರು ಎಪ್ಪತ್ತು ದಾಟಿದ ಒಬ್ಬ ಅಂಕಲ್. ಪ್ರಾರ್ಥನೆ ಹೇಳುವುದೂ ಅವರೇ, ಯಾರು ಎಲ್ಲಿ ಕೂರಬೇಕೆಂದು ಹೇಳುವುದೂ ಅವರೇ. ಅವರ ಎದುರಿಗೇ ಡಬ್ಬಿ ಇಟ್ಟು ಭಾವನ ಕಡೆ ಸರಿಸಿದೆ. ಭಾವ ಮುಚ್ಚಳ ತೆಗೆದರು.

"ಇದ್ಯಾಕಮ್ಮಾ ವಾಪಸ್ಸು?"

"ಒಳ್ಳೆ ಸ್ಕೋಪ್, ಕಣ್ಣು ಸರಿ ಇಲ್ಲದವರ ಹತ್ತಿರ ಇದ್ದು ಏನು ಪ್ರಯೋಜನ ಭಾವ? ಅದಕ್ಕೆ ನಿಮ್ಮ ಕಣ್ಣೇ ಬೇಕು. ಈ ಸಲ ನೀವೇ ಇದರಲ್ಲಿ ಹೊಡೆಯಿರಿ."

"ಏಯ್, ಕೊಟ್ಟಿದ್ದು ಕೊಟ್ಟಾಯ್ತು. ನನ್ ಹತ್ರ ಹೊಸದಿದೆ."

"ಕೆಟ್ಟಿಲ್ಲ ತಾನೆ?" ಎಂದು ಅಂಕಲ್ ಕೇಳಿದರು.

ಭಾವ ನನ್ನನ್ನು ನೋಡಿದರು. ನನಗೆ ಗೊತ್ತಿದೆ ಎಂದು ಅವರಿಗೆ ಆಗ ಗೊತ್ತಾಯಿತು. ನಾನು ಅನ್ನ ಬಡಿಸುತ್ತಾ ಹೋದೆ.

"ಕೆಟ್ಟಿಲ್ಲ ಅಂಕಲ್," ಎಂದರು.

"ಹಾಗಾದ್ರೆ ನಾಳೆ ರೇಂಜಿನಲ್ಲಿ ಹಾಕಿ ನೋಡುವ."

ಸೇಡಿಗೆಂದು ಇನ್ನೊಂದು ಜಿಂಕೆಯ ಹೊಟ್ಟೆ ಹರಿಯುವುದು ನನಗೂ ಬೇಡವಾಗಿತ್ತು. ಬೆಟ್ಟಕ್ಕೆ ಮೊದಲು ಎಲ್ಲರೂ ರೇಂಜಿನಲ್ಲಿ ಕಾಗದಕ್ಕೆ ಹೊಡೆದು ಗುರಿ ನೋಡಿಕೊಳ್ಳಬೇಕು, ಅದು ಅಂಕಲ್ ಮಾಡಿದ ಕಟ್ಟಳೆ. ಅದನ್ನು ನಂಬಿಯೇ ನಾನು ಡಬ್ಬಿ ತುಂಬಿದ್ದು. ಹಿಂದಿನ ವರ್ಷ ಯಜಮಾನರೂ ಕಾಗದಕ್ಕೆ ಹೊಡೆದಿದ್ದರು, ಸರಿ ಬಿದ್ದಿತ್ತು. ಬೆಟ್ಟದಲ್ಲಿ ಅರ್ಧ ದಿನ ಕುಲುಕಿದ ಮೇಲೆ ಕೈಕೊಟ್ಟಿತ್ತು. ಹಾಗಾಗಿ ಮರುದಿನ ರೇಂಜಿನಲ್ಲಿ ಭಾವನ ಎರಡನೇ ಬಂದೂಕಿಗೆ ಅದನ್ನು ಕೂರಿಸಿದಾಗ ನಾನು ಅಂಗಡಿಯ ಮುದುಕನ ಪಾಠ ಒಪ್ಪಿಸಿದೆ. ಮೊದಲು ಗುರಿ ಸರಿಮಾಡಿಕೊಳ್ಳಲಿ, ಆಮೇಲೆ ಹತ್ತು ಸಲ ಮೇಲೆ, ಹತ್ತು ಸಲ ಕೆಳಗೆ, ಬಳಿಕ ಮೂರು ಗುಂಡು.

ಮೊದಲನೆಯದು ಕಾಗದದ ನೆತ್ತಿಗೆ, ಎರಡನೆಯದು ಎಡಗಡೆ ಕೆಳಗೆ. ಮೂರನೆಯದು ಕಾಗದಕ್ಕೇ ಬೀಳಲಿಲ್ಲ.

"ಬಿದ್ದಿತ್ತಾ ಇದು?" ಅಂಕಲ್ ಕೇಳಿದರು.

ಭಾವ ಖಾಲಿ ತೋಟೆ ಹೆಕ್ಕತೊಡಗಿದರು. ಟಿಫಿನ್ ಹಿಡಿದು ನಿಂತಿದ್ದ ಅಕ್ಕ ನೆಲ ನೋಡುತ್ತ, "ಹೇಳ್ರೀ," ಎಂದಳು.

"ಒಂದ್ಸಲ ಬಿದ್ದಿತ್ತು."

"ಕೊಡುವ ಮೊದಲಾ, ಕೊಟ್ಟ ಮೇಲಾ?"

"...ಮೊದ್ಲು."

ಯಾರೂ ನಗಲಿಲ್ಲ. ನಕ್ಕಿದ್ದರೆ ಭಾವನಿಗೆ ಸುಲಭವಾಗುತ್ತಿತ್ತು. ನನ್ನ ಯಜಮಾನರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಒಂದು ವರ್ಷ ತನ್ನ ಕೈಯ ತಪ್ಪೆಂದು ತಿಳಿದುಕೊಂಡದ್ದು ಯಾರದೆಂದು ಆ ತೂತುಗಳಲ್ಲಿ ಓದಿದರು ಎನಿಸುತ್ತದೆ. ಆಮೇಲೆ ತಮ್ಮ ಬಂದೂಕು ತಂದು ಮೂರು ಗುಂಡು ಹಾರಿಸಿದರು. ಮೂರನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು.

"ನಾಳೆ ಎಷ್ಟು ಹೊತ್ತಿಗೆ ಹತ್ತುವುದು ಅಂಕಲ್?" ಎಂದು ಕೇಳಿದರು.

ಬೆಟ್ಟದ ಬುಡದ ಬಾಡಿಗೆ ಮನೆಯಲ್ಲಿ ಅಕ್ಕನೂ ನಾನೂ ಕಾದೆವು. ಮರುದಿನ ಮಧ್ಯಾಹ್ನ ಇಳಿದು ಬಂದರು. ಯಜಮಾನರ ಒಂದೇ ಗುಂಡಿಗೆ ಜಿಂಕೆ ಬಿದ್ದಿತ್ತಂತೆ, ನಿಂತಲ್ಲೇ. ಅವರು ಬಂದೂಕನ್ನು ಎಡಭುಜಕ್ಕೆ ಹಾಕಿಕೊಂಡು ಮುಂದೆ ಬರುತ್ತಿದ್ದರು, ಹಿಂದಿನ ವರ್ಷಗಳ ಹಾಗೆ ಬಲಭುಜ ಹಿಡಿದುಕೊಂಡಿರಲಿಲ್ಲ. ಮಾಂಸ ಹೊರುವ ಪಾಳಿ ಹಂಚುವುದು ಅಂಕಲ್. ಜಿಂಕೆಯ ಇಡೀ ಹಿಂಗಾಲನ್ನು ಅವರು ಭಾವನ ಬೆನ್ನಿಗೆ ಕಟ್ಟಿಸಿದ್ದರು. ಮೂರು ಗಂಟೆಯ ಇಳಿಜಾರು. ಭಾವ ಮೆಟ್ಟಿಲ ಹತ್ತಿರ ಬಂದು ಮಂಡಿಯೂರಿದರು, ಹೊರೆ ಬಿಚ್ಚಲೂ ಬೆರಳು ಬಗ್ಗುತ್ತಿರಲಿಲ್ಲ.

ನಾನು ಬಿಚ್ಚಲು ಹೋಗಲಿಲ್ಲ. ಅಲ್ಲೇ ನಿಂತು ಕಣ್ತುಂಬ ನೋಡಿದೆ. ಆ ನೋಟದ ಬಗ್ಗೆ ಪಾದ್ರಿಗಳ ಹತ್ತಿರ ಪಾಪನಿವೇದನೆಯಲ್ಲಿ ಹೇಳಿದ್ದೇನೆ. ಪಶ್ಚಾತ್ತಾಪ ಇದೆಯಾ ಎಂದು ಕೇಳಿದರು, ಇನ್ನೂ ಬಂದಿಲ್ಲ ಫಾದರ್ ಎಂದೆ.

ಆವತ್ತು ಅಷ್ಟು ನೋಡಿ, ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿದೆ. ಭಾವನ ಲೋಟಕ್ಕೂ ಸಕ್ಕರೆ ಹಾಕಿದೆ.