ಶೇವಂತೆವ್ವನ ಸರಗುಣಿಕೆ

ಶೇವಂತೆವ್ವ ಮದುವೆಯಾಗಿ ಬಂದ ಮನೆಯಲ್ಲಿ ಒಲೆಗಿಂತ ಮೊದಲು ಅವಳ ಕೈಗೆ ಬಂದದ್ದು ಕುದುರೆಯ ಹಗ್ಗ. ಇಂಡಿ ಕಡೆಯ ಕುರಿಗಾರರ ಮನೆತನ ಅದು. ಸುಗ್ಗಿ ಮುಗಿದು ಹೊಲಗಳು ಬಯಲಾದವೆಂದರೆ ಗಂಡ ಸೋಮನಿಂಗ, ಮೈದುನ ಮಾಳಿಂಗರಾಯ ಕುರಿ ಹೊಡೆದುಕೊಂಡು ದಕ್ಷಿಣದ ದಾರಿ ಹಿಡಿಯುತ್ತಿದ್ದರು. ಬಾಗೇವಾಡಿ ದಾಟಿ, ಮುದ್ದೇಬಿಹಾಳ ದಾಟಿ, ತಂಗಡಗಿಯ ಹತ್ತಿರ ಕೃಷ್ಣೆಯ ದಂಡೆಯವರೆಗೆ. ರಾತ್ರಿ ಕುರಿ ತರುಬಿ ನಿಲ್ಲಿಸಿದ ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಹೊಲದವರು ಇವರಿಗೆ ಜೋಳ ಕೊಡುತ್ತಿದ್ದರು. ಗಂಡಸರು ಕುರಿಯ ಹಿಂದೆ, ಹೆಂಗಸರು ಕುದುರೆಯ ಜೊತೆ. ಸಂಸಾರವೆಲ್ಲ ಆ ಕುದುರೆಯ ಬೆನ್ನ ಮೇಲೆಯೇ. ಕಂಬಳಿ, ಗಡಿಗೆ, ಬೀಸುವ ಕಲ್ಲು, ಎರಡೂ ಪಕ್ಕಕ್ಕೆ ಇಳಿಬಿಟ್ಟ ಬಲೆಚೀಲಗಳಲ್ಲಿ ಇನ್ನೂ ನಡೆಯಲಾರದ ಎಳೆಮರಿಗಳು.

ಕುದುರೆಯ ಹೆಸರು ಚಂದ್ರಿ. ಕಂದು ಬಣ್ಣದ ಗಿಡ್ಡ ಹೆಣ್ಣುಕುದುರೆ, ಹಣೆಯ ಮೇಲೆ ಬಿಳಿ ಬೊಟ್ಟು. ಶೇವಂತೆವ್ವನಿಗೆ ತವರಿನಲ್ಲಿ ಎತ್ತು, ಎಮ್ಮೆ ಕಟ್ಟಿ ಗೊತ್ತಿತ್ತು. ಕುದುರೆಯನ್ನೂ ಹಾಗೆಯೇ ಕಟ್ಟಿದಳು. ನೆಲಕ್ಕೆ ಗೂಟ ಬಡಿದು, ಮೇಯಲಿ ಪಾಪ ಎಂದು ಹಗ್ಗ ಉದ್ದ ಬಿಟ್ಟು, ಬಿಚ್ಚಿಹೋಗಬಾರದೆಂದು ಬ್ರಹ್ಮಗಂಟು ಹಾಕಿದಳು. ಬಾಗೇವಾಡಿ ಹತ್ತಿರದ ಹೊಲವೊಂದರಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದಾಗ ಹಿಂದೆ ಧಪ್ಪೆಂದು ಸದ್ದಾಯಿತು. ಚಂದ್ರಿ ನೆಲಕ್ಕೆ ಬಿದ್ದು ಒದ್ದಾಡುತ್ತಿತ್ತು. ಮುಂಗಾಲಿಗೆ ಹಗ್ಗ ಸುತ್ತಿಕೊಂಡಿತ್ತು, ಎಳೆದಷ್ಟೂ ಬಿಗಿಯುತ್ತಿತ್ತು. ಶೇವಂತೆವ್ವ ಹಿಟ್ಟಿನ ಕೈಯಲ್ಲೇ ಓಡಿದಳು, ಗಂಟಿಗೆ ಉಗುರು ಹಾಕಿದಳು, ಅದು ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ಗಂಟಿಗೆ ಕೈಯನ್ನೇ ಹಚ್ಚಲಿಲ್ಲ. ಚಂದ್ರಿಯ ತಲೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು, "ಹೋ ನನ್ನವ್ವಾ, ಹೋ" ಎಂದು ಕುತ್ತಿಗೆ ನೀವುತ್ತ ನೀವುತ್ತ ಅದರ ಉಸಿರು ಇಳಿಯುವವರೆಗೆ ಕಾದಳು. ಕುದುರೆ ಒದ್ದಾಟ ನಿಲ್ಲಿಸಿದಾಗ ಹಗ್ಗ ತಾನೇ ಸಡಿಲಾಯಿತು. ಕಾಲು ಬಿಡಿಸಿ ಎಬ್ಬಿಸಿದ ಮೇಲೆ ಸೊಸೆಯ ಕಡೆ ತಿರುಗಿದಳು.

"ಅಳಬ್ಯಾಡ. ಇಲ್ಲಿ ನೋಡು," ಎಂದು ಜಾಲಿಮರದ ಬಳಿಗೆ ಕರೆದೊಯ್ದಳು. "ಎತ್ತು ಸಿಕ್ಕೊಂಡ್ರ ನಿಂತು ವಿಚಾರ ಮಾಡ್ತೈತಿ. ಕುದರಿ ಹಂಗಲ್ಲ, ಮೊದಲು ಓಡ್ತೈತಿ, ಆಮ್ಯಾಲ ವಿಚಾರ. ಹಗ್ಗ ಉದ್ದ ಬಿಟ್ರ ಕಾಲಿಗೆ ಬರ್ತೈತಿ. ನಿನ್ನ ತೋಳಿನಷ್ಟ ಬಿಡು, ಸಾಕು. ಅದರ ಎದಿ ಮಟ್ಟಕ್ಕ ಕಟ್ಟು, ಕೆಳಗ ಬ್ಯಾಡ. ಅಲುಗಾಡೂ ಸಾಮಾನಿಗೆ ಎಂದೂ ಕಟ್ಟಬ್ಯಾಡ. ಸಾಮಾನು ಬೆನ್ನ ಹತ್ತಿತಂದ್ರ ಅದು ಸತ್ರೂ ನಿಲ್ಲಂಗಿಲ್ಲ."

"ಗಂಟು, ಅತ್ತಿ?"

"ಗಂಟು ಹಿಂಗ." ಹಗ್ಗವನ್ನು ಮರಕ್ಕೆ ಸುತ್ತಿ, ಮಡಚಿ, ಮಡಿಕೆಯೊಳಗೆ ಇನ್ನೊಂದು ಮಡಿಕೆ ತೂರಿಸಿ ಹಗ್ಗದ ತುದಿಯ ಬಾಲವನ್ನು ಹೊರಗೆ ಬಿಟ್ಟಳು. ಕುದುರೆಯ ಕಡೆಯಿಂದ ಜಗ್ಗಿದರೆ ಗಟ್ಟಿ. ಬಾಲ ಹಿಡಿದು ಒಮ್ಮೆ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. "ಇದಕ್ಕ ಸರಗುಣಿಕಿ ಅಂತಾರ. ಕಣ್ಣು ಮುಚ್ಚಿ ಹಾಕಾಕ ಬರೂತನಾ ಹಾಕು."

ಶೇವಂತೆವ್ವ ಹಾಕಿದಳು. ನಡೆಯುತ್ತ ಸೆರಗಿನ ತುದಿಗೆ ಹಾಕಿದಳು, ಕೂತಲ್ಲಿ ಕಂಬಳಿಯ ದಾರಕ್ಕೆ ಹಾಕಿದಳು. ಸೋಮನಿಂಗ ನಗುತ್ತ, "ನನ್ನ ರುಮಾಲಿಗೂ ಒಂದು ಹಾಕಿಬಿಡು" ಎನ್ನುತ್ತಿದ್ದ.

ಮಗ ಮುತ್ತು ಹುಟ್ಟಿದ ವರ್ಷದ ಮಾತು. ರೋಹಿಣಿ ಮಳೆಯ ಹೊತ್ತಿಗೆ ಊರಿಗೆ ಮರಳುತ್ತ ತಾಳಿಕೋಟೆಯ ಈಚೆ ಡೋಣಿ ನದಿಯ ದಂಡೆಯ ಹೊಲದಲ್ಲಿ ಇಳಿದುಕೊಂಡಿದ್ದರು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಆ ಕಡೆಯ ಜನ ಹೊಗಳುವ ನದಿ. ಬೇಸಿಗೆಯಲ್ಲಿ ನೋಡಿದರೆ ಪಾದ ತೊಯ್ಯುವಷ್ಟೇ ನೀರು. ಅತ್ತೆ ಆ ವರ್ಷ ಮೊಣಕಾಲು ನೋವೆಂದು ಊರಲ್ಲೇ ಉಳಿದಿದ್ದಳು. ಗಂಡಸರು ಕುರಿಗಳನ್ನು ದಿಬ್ಬದಾಚೆಗೆ ಮೇಯಿಸಲು ಒಯ್ದಿದ್ದರು. ಮಧ್ಯಾಹ್ನ ಶೇವಂತೆವ್ವ ಒಬ್ಬಳೇ. ಜಾಲಿಮರಕ್ಕೆ ಕಟ್ಟಿದ ಚಂದ್ರಿ, ಟೊಂಗೆಗೆ ಇಳಿಬಿಟ್ಟ ಸೀರೆಯ ಜೋಳಿಗೆಯಲ್ಲಿ ಮುತ್ತು, ನೆಲದ ಮೇಲೆ ಸುತ್ತಿದ ಬಲೆಬೇಲಿಯೊಳಗೆ ಮರಿಗಳು. ಅಲ್ಲಿ ಹನಿ ಮಳೆಯೂ ಇರಲಿಲ್ಲ. ಪಡುವಣದ ಆಕಾಶವಷ್ಟೇ ಕಪ್ಪಾಗಿತ್ತು.

ಮೊದಲು ಗೊತ್ತಾದದ್ದು ಚಂದ್ರಿಗೆ. ಮೇವು ಬಿಟ್ಟು ಕಿವಿ ನಿಮಿರಿಸಿ ನದಿಯ ಮೇಲುಗಡೆ ನೋಡತೊಡಗಿತು. ಆಮೇಲೆ ಶೇವಂತೆವ್ವನಿಗೂ ಕೇಳಿಸಿತು; ಎಲ್ಲೋ ದೂರದಲ್ಲಿ ಬೀಸುವ ಕಲ್ಲು ತಿರುಗಿದಂಥ ಸದ್ದು. ತಲೆಯೆತ್ತುವಷ್ಟರಲ್ಲಿ ಕೆಂಪು ನೀರು ಹೊಲದ ಬದುವಿನ ಮೇಲೆ ಹೊರಳಿ ಒಳಗೆ ಬರುತ್ತಿತ್ತು. ಅವಳು ಮರಿಗಳನ್ನು ಸಿಕ್ಕ ಕಾಲು ಹಿಡಿದು ಚಂದ್ರಿಯ ಬೆನ್ನ ಮೇಲೇ ಇದ್ದ ಬಲೆಚೀಲಗಳಿಗೆ ತುಂಬಿದಳು. ಮುತ್ತುವನ್ನು ಜೋಳಿಗೆಯಿಂದ ಎತ್ತಿ ಎಡತೋಳಲ್ಲಿ ಅವುಚಿಕೊಂಡಳು. ನೀರು ಮೊಣಕಾಲಿಗೆ ಬಂದಿತ್ತು, ಎರೆಮಣ್ಣು ಕಾಲನ್ನು ಕಚ್ಚಿ ಹಿಡಿಯುತ್ತಿತ್ತು. ಉಳಿದದ್ದು ಒಂದೇ ಕೈ. ಆ ಕೈಯಿಂದ ಹಗ್ಗದ ಬಾಲ ಎಳೆದಳು.

ಬಿಚ್ಚಿಕೊಂಡಿತು.

ಅಲ್ಲಿಂದ ಮುಂದೆ ಕುದುರೆ ಅವಳನ್ನು ನಡೆಸಿತೋ, ಅವಳು ಕುದುರೆಯನ್ನು ನಡೆಸಿದಳೋ ಅವಳಿಗೇ ತಿಳಿಯದು. ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು, ಅದರ ಪಕ್ಕೆಗೆ ಆತುಕೊಂಡು ದಿಬ್ಬ ಹತ್ತಿದಳು. ತಿರುಗಿ ನೋಡಿದರೆ ಗಡಿಗೆ, ಕಂಬಳಿ, ಒಲೆಯ ಮೇಲಿಟ್ಟ ಹಂಚು, ಯಾವುದೂ ಇರಲಿಲ್ಲ. ಸೋಮನಿಂಗ ಏದುಸಿರು ಬಿಡುತ್ತ ಓಡಿ ಬಂದ. ಕೂಸನ್ನು ನೋಡಿದ, ಅವಳನ್ನು ನೋಡಿದ. ಸಂಜೆ ಪಕ್ಕದ ಹೊಲದವರು ತಂದುಕೊಟ್ಟ ರೊಟ್ಟಿಯಲ್ಲಿ ಮೊದಲನೆಯದನ್ನು ಚಂದ್ರಿಗೆ ತಿನ್ನಿಸಿ, ಎರಡನೆಯದನ್ನು ತಾನೇ ಮುರಿದು ಹೆಂಡತಿಯ ಕೈಗಿಟ್ಟ. "ಉಣ್ಣು," ಅಂದ. ಅಷ್ಟೇ. ಆ ಒಂದು ಮಾತನ್ನು ಶೇವಂತೆವ್ವ ಇವತ್ತಿಗೂ ಮರೆತಿಲ್ಲ.

ಚಂದ್ರಿ ಮುದಿಯಾಗಿ ಮನೆಯ ಬೇವಿನ ನೆರಳಲ್ಲೇ ಕಣ್ಣು ಮುಚ್ಚಿತು. ಅದರ ಮಗಳು ಕೆಲವು ವರ್ಷ ದುಡಿಯಿತು. ಬರಬರುತ್ತ ದಾರಿಯ ಹೊಲಗಳಿಗೆ ಕಬ್ಬು ಬಂತು, ದ್ರಾಕ್ಷಿತೋಟಗಳಿಗೆ ತಂತಿ ಬೇಲಿ ಬಂತು, ಕುರಿ ಇಳಿಸಲು ಜಾಗವೇ ಕಡಿಮೆಯಾಯಿತು. ಸೋಮನಿಂಗ ತೀರಿಕೊಂಡ ಮೇಲೆ ಕುರಿ, ಕುದುರೆ ಎರಡೂ ಮಾಳಿಂಗರಾಯನ ಪಾಲಿಗೆ ಹೋದವು. ಈಗ ಅವನೂ ಮರಿಗಳನ್ನು ಟೆಂಪೋದಲ್ಲೇ ಒಯ್ಯುತ್ತಾನೆ. ಮುತ್ತು ತೋಟಗಳ ನಿಂಬೆಹಣ್ಣನ್ನು ತನ್ನ ಟೆಂಪೋದಲ್ಲಿ ಇಂಡಿಯ ಪೇಟೆಗೆ ಹಾಕುತ್ತಾನೆ. ಸೊಸೆ ಕಾವೇರಿ ಒಳ್ಳೆಯವಳು, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಸುಗ್ಗಿ ಮುಗಿಯಿತೆಂದರೆ ಮೊಣಕಾಲು ನೋಯುತ್ತಿದ್ದರೂ ಮುದುಕಿಯ ಕಾಲು ಸುಮ್ಮನಿರುವುದಿಲ್ಲ, ಕುಂಟುತ್ತಲೇ ಅಂಗಳದಿಂದ ಊರಬಾಗಿಲ ಅಗಸಿಗೆ, ಅಗಸಿಯಿಂದ ಅಂಗಳಕ್ಕೆ ತಿರುಗುತ್ತಾಳೆ. ಕಣ್ಣಿಗೆ ಕೃಷ್ಣೆಯ ದಂಡೆ ಕಟ್ಟುತ್ತದೆ. ಬೆಳಗಿನ ಹೊಳೆಗೆ ಮೂತಿಯಿಟ್ಟು ನೀರು ಕುಡಿಯುವ ಚಂದ್ರಿ, ಅದರ ಬೆನ್ನಿನಿಂದೇಳುವ ಹಬೆ, ಬಲೆಯೊಳಗಿಂದ ಇಣುಕುವ ಮರಿಗಳ ಕಿವಿ.

ಈ ವರ್ಷ ಬೇಸಿಗೆಯಲ್ಲಿ ಬಳಗದವರ ಮದುವೆಗೆಂದು ಅತ್ತೆ ಸೊಸೆ ಇಬ್ಬರೂ ಇಂಡಿಗೆ ಹೋದರು. ಬ್ಯಾಂಡಿನವರು ಇನ್ನೂ ಡೋಲು ಬಿಗಿಯುತ್ತಿದ್ದರು. ದೇವಸ್ಥಾನದ ಗೋಡೆಯ ಪಕ್ಕದಲ್ಲಿ ಮದುಮಗನಿಗೆಂದು ತಂದ ಬಿಳಿ ಕುದುರೆ ನಿಂತಿತ್ತು. ಶೇವಂತೆವ್ವ ಕಾವೇರಿಯ ಕೈ ಬಿಟ್ಟು ನೇರ ಅದರ ಹತ್ತಿರ ಹೋದಳು. ಹಗ್ಗ ಎದೆಮಟ್ಟಕ್ಕಿತ್ತು, ಉದ್ದವೂ ಸರಿಯಿತ್ತು. ಆದರೆ ಕಟ್ಟಿದ್ದು ಗೋಡೆಯ ಕಬ್ಬಿಣದ ಬಳೆಗಲ್ಲ, ಬಳೆಗೆ ಹಾಕಿದ ಸುತಳಿಯ ಕುಣಿಕೆಗೆ. ನಿಂಬೆಹಣ್ಣಿನ ಚೀಲ ಹೊಲಿಯುವ ಸಣ್ಣ ಸುತಳಿ.

"ಯಾವಂವ ಇದನ್ನ ಕಟ್ಟಿದಾವ?" ಎಂದು ದನಿ ಏರಿಸಿದಳು.

ಕುದುರೆಯ ಬೆನ್ನಿಗೆ ಜರಿಬಟ್ಟೆಯ ಜೂಲು ಹೊದಿಸುತ್ತಿದ್ದ ಯುವಕ ತಿರುಗಿದ. "ನಾನರಿ ಆಯಿ. ಆರಿಫ ಅಂತ. ಕುದರಿ ನಂದ."

"ಇಷ್ಟ ದೊಡ್ಡ ಕುದರಿನ ಸುತಳಿಗೆ ಕಟ್ತಾರೇನೋ ತಮ್ಮಾ? ಒಂದು ಸಲ ಜಗ್ಗಿತಂದ್ರ ಹರೀತೈತಲ್ಲೋ!"

"ಹರೀಲಿ ಅಂತನ ಕಟ್ಟೇನ್ರಿ."

ಅವಳಿಗೆ ಅರ್ಥವಾಗಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಯಾರೋ ಹುಡುಗರು ಬೀದಿಯ ತುದಿಯಲ್ಲಿ ಪಟಾಕಿಯ ಸರಕ್ಕೆ ಕಿಡಿ ಹಚ್ಚಿದರು. ಕುದುರೆ ಬೆಚ್ಚಿ ತಲೆ ಎತ್ತಿ ಹಿಂದಕ್ಕೆ ಜಗ್ಗಿತು. ಸುತಳಿ ಪಟ್ಟೆಂದು ಹರಿಯಿತು. ಕುದುರೆ ಹಿಂದೆ ಸರಿದು, ನಡುಗುತ್ತ, ಅಲ್ಲೇ ನಿಂತಿತು. ಜಗ್ಗಲು ಎದುರಿಗೆ ಏನೂ ಇರಲಿಲ್ಲವಲ್ಲ, ಅದರ ಅಂಜಿಕೆಯೂ ಅಲ್ಲಿಗೇ ಇಳಿಯಿತು. ಆರಿಫ ಅವಸರ ಮಾಡದೆ ಹೋಗಿ, ಜೋತುಬಿದ್ದ ಹಗ್ಗ ಹಿಡಿದು ಕರೆದುಕೊಂಡು ಬಂದ.

"ನಮ್ಮ ಅಬ್ಬಾ ಹೇಳಿಕೊಟ್ಟಿದ್ದರಿ," ಅಂದ. "ದಸ್ತಗೀರಸಾಬ ಅಂತ, ಬಸ್‌ಸ್ಟ್ಯಾಂಡಿನ್ಯಾಗ ಟಾಂಗಾ ಹೊಡೀತಿದ್ರು. ಸುತಳಿ ಹೋದ್ರ ಇನ್ನೊಂದು ತರಬಹುದು, ಕುದರಿ ಗೋಣು ಮುರೀತಂದ್ರ ಎಲ್ಲಿ ತರೂದು ಅಂತಿದ್ರು."

ಶೇವಂತೆವ್ವ ಹರಿದ ಸುತಳಿಯ ತುಂಡನ್ನು ಬೆರಳಲ್ಲಿ ಹಿಡಿದು ನಿಂತುಬಿಟ್ಟಳು. ಮುದ್ದೇಬಿಹಾಳದ ಬಯಲಲ್ಲಿ ಒಂದು ಸಲ ಆಣೆಕಲ್ಲಿನ ಮಳೆ ಹೊಡೆದಾಗ ಚಂದ್ರಿ ಹೀಗೆಯೇ ಬೆದರಿ ಜಗ್ಗಿತ್ತು. ಮಳೆಗೆ ತೊಯ್ದ ಸರಗುಣಿಕೆ ಉಬ್ಬಿ ಕಲ್ಲಿನಂತಾಗಿತ್ತು. ಬಾಲ ಹಿಡಿದು ಎಷ್ಟು ಎಳೆದರೂ ಬಿಚ್ಚಿರಲಿಲ್ಲ. ಮಾಳಿಂಗರಾಯ ಕುಡುಗೋಲು ತಂದು ಹಗ್ಗ ಕೊಯ್ದ ಮೇಲೆಯೇ ಬಿಡುಗಡೆ. ಕಿವಿಯ ಹಿಂದೆ ತೊಗಲು ಸುಲಿದ ಜಾಗದಲ್ಲಿ ಮತ್ತೆ ಕೂದಲು ಬರಲೇ ಇಲ್ಲ. ಸಾಯುವವರೆಗೂ ಅಲ್ಲಿ ಕೈ ಹಚ್ಚಿದರೆ ಚಂದ್ರಿ ತಲೆ ಕೊಡವುತ್ತಿತ್ತು.

"ಒಂದು ಗೇಣು ಸುತಳಿ," ಎಂದಳು ಮೆಲ್ಲಗೆ. "ಕಂಬಳಿ ಸುತ್ತಾಕ ಹೊರೆಗಟ್ಟಲೆ ಇತ್ತಲ್ಲೋ ಯಪ್ಪಾ ನಮ್ಮ ಹತ್ರ. ನಮಗ ಹೊಳೀಲೇ ಇಲ್ಲ." ಕಣ್ಣು ತುಂಬಿ ಬಂದವು. ಕಾವೇರಿ ಗಾಬರಿಯಾಗಿ, "ಏನಾತ್ರಿ ಅತ್ತಿ?" ಎಂದಳು. "ಏನಿಲ್ಲ, ನಮ್ಮ ಚಂದ್ರಿ ನೆನಪಾತು," ಎಂದು ಸೆರಗಿನಿಂದ ಒರೆಸಿಕೊಂಡಳು.

ಆರಿಫ ಕೇಳಿದ, "ನೀವೂ ಕುದರಿ ಸಾಕಿದ್ರೇನ್ರಿ ಆಯಿ?"

"ಸಾಕಿದ್ದಲ್ಲೋ, ಸಂಸಾರ ಮಾಡೇನಿ." ನಗುತ್ತ ಹೇಳಿದಳು. ಅವನು ಜೀನು ಬಿಗಿಯುವಷ್ಟು ಹೊತ್ತು ಹಗ್ಗ ಅವಳ ಕೈಯಲ್ಲಿತ್ತು. ಡೋಣಿಯ ಕಥೆಯನ್ನೂ ಅಷ್ಟರಲ್ಲೇ ಹೇಳಿ ಮುಗಿಸಿದಳು.

ಮದುಮಗ ಹತ್ತಿ ಕೂತ. ಬ್ಯಾಂಡು ಒಮ್ಮೆಲೇ ಬಾರಿಸತೊಡಗಿತು. ಕುದುರೆ ಅಡ್ಡ ಹೆಜ್ಜೆ ಹಾಕಿ, ಶೇವಂತೆವ್ವನ ಭುಜಕ್ಕೆ ತಲೆ ತಾಗಿಸಿತು.

"ಆಯಿ, ಆ ಕಡೆ ನೀವ ಹಿಡೀರಿ," ಎಂದ ಆರಿಫ. "ನಿಮ್ಮ ಜೋಡಿ ಇದ್ರ ಅದು ತಣ್ಣಗಿರ್ತೈತಿ."

ಮದುಮಗನ ಕಡೆಯವರು ಮುಖ ಮುಖ ನೋಡಿಕೊಂಡರು. ಮೆರವಣಿಗೆಯ ಕುದುರೆಯ ಪಕ್ಕದಲ್ಲಿ ಇಳಕಲ್ಲ ಸೀರೆಯ ಮುದುಕಿ! ಅವಳು ಯಾರನ್ನೂ ನೋಡಲಿಲ್ಲ. ಒಂದು ಕೈ ಅದರ ಕುತ್ತಿಗೆಯ ಮೇಲಿಟ್ಟು, "ಹೋ ನನ್ನವ್ವಾ" ಎನ್ನುತ್ತ, ಪೇಟೆಯ ಬೀದಿಯಲ್ಲಿ ನಡೆಯತೊಡಗಿದಳು. ಮೊಣಕಾಲು ನೋವಿನವಳು ಇಷ್ಟು ಸಲೀಸಾಗಿ ನಡೆಯುವುದನ್ನು ಕಾವೇರಿ ಈವರೆಗೆ ಕಂಡಿರಲಿಲ್ಲ. ಅವಳೂ ಗುಂಪಿನ ಅಂಚಿನಲ್ಲಿ ಬೇಗ ಬೇಗ ಹೆಜ್ಜೆ ಹಾಕಿದಳು.

ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಮದುಮಗ ಇಳಿದು ಒಳಗೆ ಹೋದ. ಜನರೂ ಹೋದರು. ಕಾವೇರಿ ಬಂದು, "ಅತ್ತಿ, ಅಕ್ಕಿಕಾಳು ಹಾಕೂ ಹೊತ್ತಾತು, ಬರ್ರಿ" ಎಂದಳು.

"ನೀ ನಡಿಯವ್ವ," ಎಂದಳು ಶೇವಂತೆವ್ವ. "ಇದಕ್ಕೊಂದಿಷ್ಟು ನೀರು ಕುಡಿಸಿ ಬರ್ತೇನಿ."