ಸೈರನ್ ನಿಂತ ಮೇಲಿನ ಒಂದು ಮಧ್ಯಾಹ್ನ

ಎರಡು ವರ್ಷದ ಹಿಂದಿನ ಮಾತು. ಬಜೆಟ್ ಮಾಡುವ ಮೊದಲು ಜನರ ಅಭಿಪ್ರಾಯ ಕೇಳಬೇಕೆಂದು ನಮ್ಮ ಚಳ್ಳಕೆರೆಯಲ್ಲಿ ನಗರಸಭೆಯವರು ಒಂದು ಸಭೆ ಕರೆದಿದ್ದರು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, ಅಂಥ ಸಭೆಗೆಲ್ಲ ಹೋದವಳಲ್ಲ. ಆದರೆ ಊರಂಚಿನ ನಮ್ಮ ಓಣಿಯಲ್ಲಿ ಚರಂಡಿ ಕಟ್ಟಿಕೊಂಡು ಹೊಲಸು ನೀರು ಮನೆಯೊಳಗೇ ನುಗ್ಗುತ್ತಿತ್ತು. "ನಿನಗೆ ಮಾತು ಬರ್ತೈತೆ, ನೀನೇ ಹೋಗು" ಎಂದು ಓಣಿಯ ಹೆಂಗಸರು ನನ್ನನ್ನು ಕಳಿಸಿದರು.

ಸಭೆಯಲ್ಲಿ ಅಧಿಕಾರಿ ಮೊದಲೇ ಹೇಳಿಬಿಟ್ಟರು. "ಇರೋದೇ ಇಷ್ಟು ದುಡ್ಡು. ಒಂದು ಬೇಕು ಅಂದ್ರೆ ಇನ್ನೊಂದು ಬಿಡಬೇಕು. ಯಾವುದು ಬಿಡೋಣ, ನೀವೇ ಹೇಳಿ."

ಪಾರ್ಕಿನ ದೀಪ ಬಿಡಿ ಎಂದರು ಒಬ್ಬರು. ಪಾರ್ಕಿನ ಪಕ್ಕದ ಮನೆಯವರು ಜಗಳಕ್ಕೆ ಎದ್ದರು. ಸ್ವಾಗತ ಕಮಾನು ಬೇಡ ಎಂದರೆ ಇನ್ನೊಂದು ಗುಂಪು ಎದ್ದಿತು. ಕೊನೆಗೆ ಈರುಳ್ಳಿ ವ್ಯಾಪಾರಿಯೊಬ್ಬರು, "ಆ ಸೈರನ್ ಯಾಕೆ ಸಾಬ್? ಕೆಟ್ಟಾಗೆಲ್ಲ ರಿಪೇರಿ, ಅದಕ್ಕೊಬ್ಬ ಆಳು. ಬೇಕಾರ್ ಖರ್ಚು. ಎಲ್ಲರ ಕೈಯಾಗೂ ಮೊಬೈಲ್ ಐತೆ" ಎಂದರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಸೈರನ್ ಅದು.

"ಹೌದ್ರಿ, ಅದು ಈಗ ಯಾರಿಗೂ ಬೇಕಿಲ್ಲ. ಆ ದುಡ್ಡು ನಮ್ಮ ಚರಂಡಿಗೆ ಹಾಕ್ರಿ" ಎಂದೆ ನಾನೂ. ಅವತ್ತು ಜಗಳವಿಲ್ಲದೆ ಒಪ್ಪಿಗೆಯಾದದ್ದು ಅದೊಂದೇ.

ಓಣಿಗೆ ಬಂದು ಸುದ್ದಿ ಹೇಳಿದಾಗ ಎಲ್ಲರೂ ಖುಷಿಪಟ್ಟರು. ಪಕ್ಕದ ಮನೆಯ ಓಬಕ್ಕ ಮಾತ್ರ ಖುಷಿಪಡಲಿಲ್ಲ. ದೇವಸಮುದ್ರದ ಕಡೆಯವಳು, ಇಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ನಡುವಯಸ್ಸಿನಲ್ಲೇ ಎರಡೂ ಕಣ್ಣು ಹೋಗಿವೆ. ಆದರೂ ದಿನಾ ಎರಡು ಆಡುಗಳ ಹಗ್ಗ ಹಿಡಿದು ಊರಾಚೆಯ ಬಯಲಿಗೆ ಹೋಗುತ್ತಿದ್ದಳು, ಸೈರನ್ ಕೂಗಿದ ದಿಕ್ಕು ಹಿಡಿದು ಊಟಕ್ಕೆ ಬರುತ್ತಿದ್ದಳು.

"ಹಂಗಾದ್ರೆ ಇನ್ಮ್ಯಾಲೆ ಮಧ್ಯಾಹ್ನ ಎಲ್ಲಿಂದ ಬರ್ತೈತೆ?" ಎಂದು ಕೇಳಿದಳು.

"ನಾನು ಓಣಿ ತುದಿಗೆ ಬಂದು ಕೂಗ್ತೀನಿ ಅಕ್ಕ" ಎಂದೆ. ಹಾಗೇ ಮಾಡಿದೆ ಕೂಡ.

ಏಪ್ರಿಲ್‌ನಲ್ಲಿ ಸೈರನ್ ನಿಂತಿತು. ಮೊದಲೆಲ್ಲ ಅದು ಕೂಗಿದ ಕೂಡಲೇ ಬೀದಿನಾಯಿಗಳೂ ಮೂತಿ ಎತ್ತಿ ಊಳಿಡುತ್ತಿದ್ದವು. ಸೈರನ್ ನಿಂತ ಮೇಲೂ ಅವು ಬಿಡಲಿಲ್ಲ. ಹನ್ನೆರಡಾಗುತ್ತಿದ್ದಂತೆ ನೆರಳಲ್ಲಿ ಮಲಗಿದ್ದವು ಎದ್ದು, ಎಲ್ಲವೂ ಒಂದೇ ಕಡೆ ಮುಖ ಮಾಡಿ, ಏನನ್ನೋ ಆಲಿಸುವಂತೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಊಳಿಡುತ್ತಿದ್ದವು. ರೂಢಿ ಬಿದ್ದಿದೆ ಎಂದು ನಾವು ನಕ್ಕೆವು. ನಕ್ಕರೂ ಆ ಹೊತ್ತಿಗೆ ನನ್ನ ಕಾಲು ಮಿಷನ್ ತುಳಿಯುವುದನ್ನು ತಾನಾಗಿ ನಿಲ್ಲಿಸುತ್ತಿತ್ತು.

ಮೇ ತಿಂಗಳ ಒಂದು ದಿನ, ನಾನು ಕೂಗಲು ಏಳುವ ಮೊದಲೇ, ಓಬಕ್ಕನ ಆಡುಗಳೆರಡೇ ಮನೆಗೆ ಬಂದವು. ಕೊರಳ ಹಗ್ಗವನ್ನು ನೆಲದ ಮೇಲೆ ಎಳೆದುಕೊಂಡು ಬಂದಿದ್ದವು. ನಾನು ಬಯಲಿಗೆ ಓಡಿದೆ. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ಒಣಹುಲ್ಲಿನ ಮೇಲೆ ಬಿಸಿಲು ನೀರಿನಂತೆ ಅಲುಗುತ್ತಿತ್ತು. ಆ ಬಯಲಿನಲ್ಲಿ ಹಳೆಯ ಕಲ್ಲು ಕ್ವಾರಿಯ ಗುಂಡಿಯೊಂದಿತ್ತು. ಸುತ್ತ ಬೇಲಿಯಿರಲಿಲ್ಲ.

ಓಬಕ್ಕ ನನ್ನ ಕಣ್ಣಿಗೆ ಬಿದ್ದದ್ದು ಅಲ್ಲೇ. ಊರಿಗೆ ಬೆನ್ನು ಮಾಡಿ, ಗುಂಡಿಯ ಅಂಚಿಗೆ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದಳು. "ಅಕ್ಕ, ಅಲ್ಲೇ ನಿಲ್ಲು" ಎಂದು ದೂರದಿಂದಲೇ ಕೂಗಿದೆ. ನನ್ನ ದನಿ ಎದುರಿನ ಬಂಡೆಗೆ ಬಡಿದು ವಾಪಸ್ ಬಂತು. ಯಾರೋ ಮುಂದಿನಿಂದ ಕರೆದರೆಂದು ಅವಳು ಒಂದು ಹೆಜ್ಜೆ ಮುಂದಿಟ್ಟಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಕೂಗಿದರೆ ಬೀಳುತ್ತಾಳೆ. ಓಡಿದರೂ ನಾನು ಮುಟ್ಟುವಷ್ಟರಲ್ಲಿ ಬೀಳುತ್ತಾಳೆ.

ಆಗ ಓಬಕ್ಕ ತಲೆ ಓರೆ ಮಾಡಿದಳು. ನನಗೆ ಏನೂ ಕೇಳಿಸಲಿಲ್ಲ. ಅವಳು ನಿಧಾನವಾಗಿ ಹಿಂದಕ್ಕೆ ತಿರುಗಿ, ಕಣ್ಣಿದ್ದವಳಂತೆ ನೆಟ್ಟಗೆ ಊರಿನ ಕಡೆಗೆ ನಡೆಯತೊಡಗಿದಳು. ಅಂಚಿನಿಂದ ಸಾಕಷ್ಟು ದೂರ ಬಂದ ಮೇಲೆ, ನನ್ನ ಬೆನ್ನ ಹಿಂದೆ ಊರಿನಲ್ಲಿ ನಾಯಿಗಳು ಊಳಿಡಲು ಶುರು ಮಾಡಿದವು.

ಓಡಿ ಹೋಗಿ ಅವಳ ಕೈ ಹಿಡಿದೆ. ಆ ಬಿಸಿಲಲ್ಲೂ ಕೈ ತಣ್ಣಗಿತ್ತು.

"ಬಿಡಮ್ಮ, ಹೋಗ್ತೀನಿ. ಸೈರನ್ ಕೂಗ್ತಲ್ಲ, ದಾರಿ ಸಿಕ್ತು" ಎಂದಳು.

"ಸೈರನ್ ಎಲ್ಲೈತೆ ಅಕ್ಕ? ಅದು ನಾಯಿ ಕೂಗಿದ್ದು."

"ನಾಯಿ ಆಮ್ಯಾಲೆ ಕೂಗಿದ್ವು. ಸೈರನ್ ಮೊದ್ಲು. ಕಣ್ಣಿಲ್ಲ ಅಷ್ಟೇ, ಕಿವಿ ಐತೆ ನನಗೆ."

ಸಂಜೆ ಮನಸ್ಸು ತಡೆಯದೆ ಸೈರನ್ ಇದ್ದ ನಗರಸಭೆ ಕಟ್ಟಡಕ್ಕೆ ಹೋದೆ. ಅದನ್ನು ಕೆಳಗಿಳಿಸಿ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದರು. ಇವತ್ತು ಯಾರಾದರೂ ಕೂಗಿಸಿದರಾ ಎಂದು ಕಾವಲುಗಾರರನ್ನು ಕೇಳಿದೆ. "ವೈರೇ ಇಲ್ಲ ಕಣಮ್ಮ, ಹೆಂಗೆ ಕೂಗ್ತೈತೆ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಮುಂದಿನ ವರ್ಷದ ಸಭೆಗೂ ಹೋದೆ. ಅಷ್ಟರಲ್ಲಿ ನಮ್ಮ ಚರಂಡಿ ಆಗಿತ್ತು, ಮಕ್ಕಳು ಒಣನೆಲದಲ್ಲಿ ಮಲಗುತ್ತಿದ್ದರು. ಅದಕ್ಕೆ ದುಡ್ಡು ಕೇಳಿದ್ದು ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ. ಸೈರನ್ ಮತ್ತೆ ಹಾಕ್ರಿ, ಕ್ವಾರಿಗೆ ಬೇಲಿ ಕಟ್ರಿ ಎಂದು ಕೇಳಿದೆ. ಎರಡರಲ್ಲಿ ಒಂದು ಆರಿಸಿ ಎಂದರು. ಬೇಲಿ ಆರಿಸಿದೆ. ಬೇರೆಯವರು ಇದು ಬೇಡ, ಅದು ದಂಡ ಎನ್ನುತ್ತಿದ್ದಾಗ ನಾನು ಬಾಯಿ ಬಿಡಲಿಲ್ಲ. ಯಾವುದನ್ನು ಯಾರು ಹಿಡಿದು ನಡೆಯುತ್ತಿದ್ದಾರೋ ನಮಗೇನು ಗೊತ್ತು?

ಓಬಕ್ಕ ಈಗಲೂ ಬಯಲಿಗೆ ಹೋಗುತ್ತಾಳೆ. ನಾನು ಕರೆಯಲೆಂದು ಓಣಿ ತುದಿಗೆ ಹೋಗುವಷ್ಟರಲ್ಲಿ, ಊರಿನ ಕಡೆ ಮುಖ ಮಾಡಿ ಬರುತ್ತಲೇ ಇರುತ್ತಾಳೆ. ಏನು ಕೇಳಿಸಿತು ಎಂದು ಅವಳನ್ನು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.